ದಂಡಿನಿಂದ ವಿಧಾನಸಭೆಗೆ: ಮಾಜಿ ಸೈನಿಕರು ಎಲ್ಲಿ ಗೆಲ್ಲುತ್ತಾರೆ, ಎಲ್ಲಿ ಎಡವುತ್ತಾರೆ

2012ರ ಮಾರ್ಚ್ 6ರಂದು ಉತ್ತರಾಖಂಡದ ಕೋಟ್‌ದ್ವಾರದಲ್ಲಿ ಮತ ಎಣಿಕೆ ಮುಗಿದಾಗ, ಹಾಲಿ ಮುಖ್ಯಮಂತ್ರಿ ಭುವನ್ ಚಂದ್ರ ಖಂಡೂರಿ ಸುಮಾರು 4,600 ಮತಗಳಿಂದ ಸೋತಿದ್ದರು. ಸೇನೆಯ ಎಂಜಿನಿಯರ್ಸ್ ವಿಭಾಗದಿಂದ ಮೇಜರ್ ಜನರಲ್ ಆಗಿ ನಿವೃತ್ತರಾದವರು, ವಾಜಪೇಯಿ ಸರ್ಕಾರದಲ್ಲಿ ಹೆದ್ದಾರಿ ಖಾತೆ ನೋಡಿಕೊಂಡು ಕೈ ಶುದ್ಧವಿಟ್ಟುಕೊಂಡವರು ಎಂದು ಹೆಸರಾದವರು. ಆ ಚುನಾವಣೆಯಲ್ಲಿ ಬಿಜೆಪಿಯ ಘೋಷಣೆಯೇ 'ಖಂಡೂರಿ ಹೈ ಜರೂರಿ' ಎಂದಿತ್ತು. ಕೋಟ್‌ದ್ವಾರದಿಂದ ಬೆಟ್ಟ ಹತ್ತಿದರೆ ಲ್ಯಾನ್ಸ್‌ಡೌನ್, ಗಢವಾಲ್ ರೈಫಲ್ಸ್‌ನ ರೆಜಿಮೆಂಟಲ್ ಕೇಂದ್ರ ಇರುವ ಊರು. ಮನೆಗೊಬ್ಬ ಫೌಜಿ ಎನ್ನುವಂಥ ಸೀಮೆ. ಅಲ್ಲೇ ಜನರಲ್ ಸಾಹೇಬರು ಸೋತರು. ರಾಜ್ಯದಲ್ಲಿ ಬಿಜೆಪಿಗೆ 31, ಕಾಂಗ್ರೆಸ್‌ಗೆ 32 ಸ್ಥಾನ ಬಂದವು. ಅವರೊಬ್ಬರು ಗೆದ್ದಿದ್ದರೆ ಲೆಕ್ಕವೇ ತಿರುಗುತ್ತಿತ್ತು.

ಸೈನಿಕರು ಹೆಚ್ಚಿರುವ ಸೀಮೆಯಲ್ಲಿ ಮಾಜಿ ಸೈನಿಕನನ್ನು ನಿಲ್ಲಿಸಿದರೆ ಗೆಲುವು ಖಚಿತ ಎಂಬ ನಂಬಿಕೆ ಪಕ್ಷದ ಕಚೇರಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಈಗ ಅದಕ್ಕೆ ಹೊಸ ಕಾರಣವೂ ಸೇರಿಕೊಂಡಿದೆ. ಯುವಕರನ್ನು ನಾಲ್ಕು ವರ್ಷಕ್ಕೆಂದು ಸೇನೆಗೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯ ಮೊದಲ ತಂಡದ ತರಬೇತಿ ಶುರುವಾದದ್ದು 2022ರ ಕೊನೆ, 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ ತುಂಬುವ ಹೊತ್ತಿಗೆ ಸರಿಯಾಗಿ ಪಂಜಾಬ್, ಉತ್ತರಾಖಂಡ, ಉತ್ತರ ಪ್ರದೇಶ ವಿಧಾನಸಭೆಗಳ ಅವಧಿಯೂ ಮುಗಿಯುತ್ತದೆ. ಸಮವಸ್ತ್ರ ಕಳಚಿ ಊರಿಗೆ ಬರುವ ಹುಡುಗರನ್ನು ಯಾರು ತಮ್ಮ ಕಡೆ ಸೆಳೆಯುತ್ತಾರೆ ಎಂಬ ಪೈಪೋಟಿ ಸಹಜವಾಗಿಯೇ ಇದೆ. ಆದರೆ ಇದುವರೆಗಿನ ದಾಖಲೆ ಹೇಳುವುದು ಬೇರೆ: ಸಮವಸ್ತ್ರ ಟಿಕೆಟ್ ಕೊಡಿಸುತ್ತದೆ, ಮೊದಲ ಭಾಷಣಕ್ಕೆ ಜನ ಸೇರಿಸುತ್ತದೆ. ಅದರಾಚೆಗಿನದ್ದನ್ನೆಲ್ಲ ಅಭ್ಯರ್ಥಿ ಬೇರೆಲ್ಲಿಂದಲೋ ತರಬೇಕು.

ಮೊದಲು ಹೊರಗೆ ಬರಬೇಕು

ಸೇವೆಯಲ್ಲಿರುವ ಸೈನಿಕ ರಾಜಕೀಯದ ಹತ್ತಿರ ಸುಳಿಯುವಂತಿಲ್ಲ. ಸಂವಿಧಾನದ 33ನೇ ವಿಧಿ ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅದರ ಬಲದ ಮೇಲೆ 1950ರ ಸೇನಾ ಕಾಯ್ದೆಯ 21ನೇ ಸೆಕ್ಷನ್, 1954ರ ಸೇನಾ ನಿಯಮಗಳ 20ನೇ ನಿಯಮ ನಿಂತಿವೆ. ರಾಜಕೀಯ ಸಭೆಗೆ ಹೋಗುವುದು, ಪಕ್ಷದ ಸದಸ್ಯನಾಗುವುದು, ಚಂದಾ ಕೊಡುವುದು ಎಲ್ಲಕ್ಕೂ ನಿಷೇಧ. ಬಹಳ ಜನ ಗಮನಿಸದ ಒಂದು ಅಂಶ ಅದೇ 20ನೇ ನಿಯಮದಲ್ಲಿದೆ: ತಾನು ಅಭ್ಯರ್ಥಿ, ಅಥವಾ ಮುಂದೆ ಅಭ್ಯರ್ಥಿಯಾಗುವವನು ಎಂದು ಬಹಿರಂಗವಾಗಿ ಹೇಳಿಕೊಳ್ಳುವುದೂ ತಪ್ಪೇ. ಸಂಸತ್ತು, ವಿಧಾನಸಭೆ ಮಾತ್ರವಲ್ಲ, ಸ್ಥಳೀಯ ಸಂಸ್ಥೆಯ ಚುನಾವಣೆಗೂ ಇದು ಅನ್ವಯ. ಹಾಗಾಗಿ ಮೊದಲು ಊರಲ್ಲಿ ಬ್ಯಾನರ್ ಕಟ್ಟಿಸಿ ಆಮೇಲೆ ರಾಜೀನಾಮೆ ಕೊಡುವ ರಾಜಕಾರಣಿಗಳ ಮಾಮೂಲಿ ಕ್ರಮ ಇಲ್ಲಿ ನಡೆಯುವುದಿಲ್ಲ.

ಅವಧಿಪೂರ್ವ ನಿವೃತ್ತಿಗೆ ಅರ್ಜಿ ಹಾಕಿದರೆ ಅದು ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ಹೋಗುತ್ತದೆ. ಒಪ್ಪಲೇಬೇಕು ಎಂಬ ಕಟ್ಟುಪಾಡು ಸೇನೆಗೆ ಇಲ್ಲ. ನಿವೃತ್ತಿಗೆ ಮುಂಚಿನ ರಜೆಯಲ್ಲಿದ್ದರೂ ಆ ವ್ಯಕ್ತಿ ಸೇವೆಯಲ್ಲಿದ್ದಂತೆಯೇ. ಪಿಂಚಣಿಯ ಲೆಕ್ಕವೂ ಇದರಲ್ಲಿ ಸೇರಿಕೊಳ್ಳುತ್ತದೆ: ಸಿಪಾಯಿಗೆ ಕನಿಷ್ಠ 15 ವರ್ಷ, ಅಧಿಕಾರಿಗೆ 20 ವರ್ಷದ ಸೇವೆ ಆಗಿರಬೇಕು. ಶಾರ್ಟ್ ಸರ್ವಿಸ್ ಕಮಿಷನ್‌ನಲ್ಲಿ 10 ವರ್ಷ, ಬೇಕಿದ್ದರೆ ಇನ್ನೂ 4 ಸೇರಿಸಿ 14 ವರ್ಷಕ್ಕೆ ಹೊರಬರುವವರಿಗೆ ಪಿಂಚಣಿಯೇ ಇಲ್ಲ. ನಮ್ಮ ರಾಜಕೀಯದಲ್ಲಿ ಜನರಲ್‌ಗಳಿಗಿಂತ ಕ್ಯಾಪ್ಟನ್‌ಗಳೇ ಹೆಚ್ಚು ಕಾಣುವುದಕ್ಕೆ ಕಾರಣ ವಯಸ್ಸು. ಮೂವತ್ತರ ಆಸುಪಾಸಿನಲ್ಲಿ ಹೊರಬಂದವರಿಗೆ ಎರಡು ಚುನಾವಣೆ ಸೋಲುವಷ್ಟು ಆಯುಷ್ಯ ಮುಂದಿರುತ್ತದೆ. ಅರವತ್ತರ ಹತ್ತಿರ ಬರುವ ಜನರಲ್‌ಗೆ ಮೊದಲ ಸೋಲೇ ಸಾಮಾನ್ಯವಾಗಿ ಕೊನೆಯದು.

ನಿವೃತ್ತಿಯಾದ ಮೇಲೆ ಕಾಯುವ ಅವಧಿ ಎಂಬುದಿಲ್ಲ. ಖಾಸಗಿ ಕಂಪನಿ ಸೇರಬೇಕಾದರೆ ಅಧಿಕಾರಿಗಳು ಮೊದಲ ಒಂದು ವರ್ಷ ಅನುಮತಿ ಪಡೆಯಬೇಕು. ರಾಜಕೀಯ ಪಕ್ಷ ಸೇರಲು ಮರುದಿನವೇ ಅಡ್ಡಿಯಿಲ್ಲ. ಬಂದೂಕು ಕಂಪನಿಯ ಸಲಹೆಗಾರನಾಗಲು ಕಾಯಬೇಕು, ರಕ್ಷಣಾ ನೀತಿಯ ಮೇಲೆ ಮತ ಕೇಳಲು ಕಾಯಬೇಕಿಲ್ಲ ಎಂಬುದು ವಿಚಿತ್ರವೇ ಸರಿ. ಸರ್ಕಾರದ ಲಾಭದಾಯಕ ಹುದ್ದೆಯಲ್ಲಿರುವವನು ಶಾಸಕನಾಗುವಂತಿಲ್ಲ ಎನ್ನುತ್ತದೆ ಸಂವಿಧಾನದ 191ನೇ ವಿಧಿ; ಪಿಂಚಣಿ ಅಂಥ ಹುದ್ದೆ ಅಲ್ಲವಾದ್ದರಿಂದ ಆ ಅನರ್ಹತೆ ತಟ್ಟುವುದಿಲ್ಲ. ಬೇರೆ ವೃತ್ತಿಯಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಸೇವೆ ಸಲ್ಲಿಸುವ ಪ್ರಾದೇಶಿಕ ಸೇನೆಯ (ಟೆರಿಟೋರಿಯಲ್ ಆರ್ಮಿ) ಹುದ್ದೆಗೆ, ಸಂಸದರ ಮಟ್ಟಿಗೆ, ಸಂಸತ್ತಿನ 1959ರ ಕಾಯ್ದೆಯಲ್ಲಿ ವಿನಾಯಿತಿ ಇದೆ. ಸಚಿನ್ ಪೈಲಟ್ ರಾಜಕಾರಣಿಯಾಗಿದ್ದುಕೊಂಡೇ 2012ರಲ್ಲಿ ಪ್ರಾದೇಶಿಕ ಸೇನೆಯ ಅಧಿಕಾರಿಯಾದರು. ಇದು ಹಿಮ್ಮುಖ ಸಂಚಾರ.

ನಾಮಪತ್ರದ ಮೇಜಿನ ಮುಂದೆ

ಹೊರಬಂದವನು ಮೊದಲು ಎಡವುವುದು ಮತದಾರರ ಪಟ್ಟಿಯಲ್ಲಿ. ಸೇವೆಯಲ್ಲಿರುವಾಗ ಅವನ ಹೆಸರು ಊರಿನ ಮತದಾರರ ಪಟ್ಟಿಯ ಕೊನೆಯ ಭಾಗದಲ್ಲಿ, ಸೇವಾ ಮತದಾರ ಎಂದು ಇರುತ್ತದೆ. ನಿವೃತ್ತಿಯೊಂದಿಗೆ ಆ ಅರ್ಹತೆ ಮುಗಿಯುತ್ತದೆ. ಅಲ್ಲಿಂದ ಹೆಸರು ಹೋಗುತ್ತದೆ, ಸಾಮಾನ್ಯ ಪಟ್ಟಿಗೆ ತಾನಾಗಿ ಬರುವುದಿಲ್ಲ. ನಮೂನೆ 6 ತುಂಬಿ, ಈಗಿನ ವಾಸದ ಪುರಾವೆ ಕೊಟ್ಟು, ಹೊಸದಾಗಿ ಸೇರಬೇಕು. ಜೊತೆಗೇ ವಾಸವಿದ್ದು ಸೇವಾ ಮತದಾರಳಾಗಿದ್ದ ಹೆಂಡತಿಯೂ ಹಾಗೆಯೇ ಮಾಡಬೇಕು. ವಿಧಾನಸಭೆಗೆ ನಿಲ್ಲುವವನು ಅದೇ ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರನಾಗಿರಲೇಬೇಕು ಎನ್ನುತ್ತದೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 5ನೇ ಸೆಕ್ಷನ್. ಲೋಕಸಭೆಗಾದರೆ ದೇಶದ ಯಾವ ಕ್ಷೇತ್ರದ ಮತದಾರನಾದರೂ ನಡೆಯುತ್ತದೆ. ಪುಣೆಯಲ್ಲೋ ಸಿಕಂದರಾಬಾದಿನಲ್ಲೋ ಫ್ಲಾಟ್ ಕೊಂಡು ಅಲ್ಲೇ ಹೆಸರು ಹಚ್ಚಿಕೊಂಡ ನಿವೃತ್ತ ಅಧಿಕಾರಿ, ಹುಟ್ಟೂರಿನ ಲೋಕಸಭಾ ಕ್ಷೇತ್ರಕ್ಕೆ ನಿಲ್ಲಬಹುದು, ಅಲ್ಲಿನ ವಿಧಾನಸಭಾ ಕ್ಷೇತ್ರಕ್ಕೆ ನಿಲ್ಲಲಾಗದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಪಟ್ಟಿಗೆ ಹೆಸರು ಸೇರುವುದಿಲ್ಲ. ಅರ್ಜಿಯ ಮೇಲೆ ಆಕ್ಷೇಪಕ್ಕೆ ಸಮಯ ಬೇಕಾದ್ದರಿಂದ ಅದಕ್ಕೂ ಹತ್ತು ದಿನ ಮೊದಲೇ ನಮೂನೆ 6 ಕೊಟ್ಟಿರಬೇಕು. ಟಿಕೆಟ್ ಖಚಿತವಾಗಲಿ ನೋಡೋಣ ಎಂದು ಕೂತರೆ ಕೆಟ್ಟಂತೆ.

ಎರಡನೆಯ ತೊಡಕು ನಮೂನೆ 26ರ ಅಫಿಡವಿಟ್‌ನಲ್ಲಿ. ಕಳೆದ 10 ವರ್ಷಗಳಲ್ಲಿ ಸರ್ಕಾರಿ ವಸತಿಯಲ್ಲಿದ್ದಿರಾ ಎಂಬ ಪ್ರಶ್ನೆ ಅದರಲ್ಲಿದೆ. ಹೌದಾದರೆ ಬಾಡಿಗೆ, ವಿದ್ಯುತ್, ನೀರು, ದೂರವಾಣಿ ಬಾಕಿಯಿಲ್ಲ ಎಂಬ ಪ್ರಮಾಣಪತ್ರ ಬೇಕು. ಶಾಸಕರ ಭವನದಲ್ಲಿ ಬಾಕಿ ಉಳಿಸಿಕೊಂಡವರನ್ನು ಹಿಡಿಯಲು ಮಾಡಿದ ಈ ಅಂಕಣ ಹೆಚ್ಚು ಕಾಡುವುದು ಸೈನಿಕನನ್ನು. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಅಧಿಕಾರಿ ಹತ್ತು ವರ್ಷದಲ್ಲಿ ನಾಲ್ಕೈದು ಠಾಣ್ಯಗಳ ಕ್ವಾರ್ಟರ್ಸ್‌ನಲ್ಲಿ ಇದ್ದಿರುತ್ತಾನೆ. ಪ್ರತಿಯೊಂದು ಕಡೆಯಿಂದಲೂ ಕಾಗದ ತರಿಸಬೇಕು. ಕ್ವಾರ್ಟರ್ಸ್ ಬಿಡುವ ದಿನವೇ ಕೊಡುವ ಬಾಕಿಯಿಲ್ಲದ ಪತ್ರವನ್ನು ಜೋಪಾನ ಮಾಡಿದವನಿಗೆ ಇದು ಒಂದು ಬೆಳಗಿನ ಕೆಲಸ, ಇಲ್ಲದವನಿಗೆ ಒಂದು ತಿಂಗಳಿನದು. ಯಾವ ಅಂಕಣವನ್ನೂ ಖಾಲಿ ಬಿಡಬಾರದು, 'ಇಲ್ಲ' ಎಂದಾದರೂ ಬರೆಯಬೇಕು. ಚುನಾವಣಾಧಿಕಾರಿ ನೋಟಿಸ್ ಕೊಟ್ಟ ಮೇಲೂ ಖಾಲಿ ಉಳಿದರೆ ನಾಮಪತ್ರ ತಿರಸ್ಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಭವಿಷ್ಯ ನಿಧಿ, ಸೇನಾ ಗುಂಪು ವಿಮೆಯ ಹಣ, ಪಿಂಚಣಿಯ ಒಂದು ಭಾಗವನ್ನು ಮಾರಿ ಒಟ್ಟಿಗೆ ಪಡೆದ ಮೊತ್ತ ಬ್ಯಾಂಕಿನಲ್ಲಿ ಎಲ್ಲಿ ಎಷ್ಟಿದೆ ಎಂಬುದೂ ಆಸ್ತಿಯ ಪಟ್ಟಿಗೆ ಬರಬೇಕು.

ಮೂರನೆಯದು ಅಪರೂಪ, ಬಂದರೆ ಮಾರಕ. ಸೇನೆಯ ಭಾಷೆಯಲ್ಲಿ ಡಿಸ್ಚಾರ್ಜ್ ಬೇರೆ, ಡಿಸ್ಮಿಸಲ್ ಬೇರೆ. ಮೊದಲನೆಯದು ಬಿಡುಗಡೆ, ಎರಡನೆಯದು ವಜಾ. ಸರ್ಕಾರಿ ಹುದ್ದೆಯಿಂದ ವಜಾ ಆಗಿ ಐದು ವರ್ಷ ಆಗಿರದಿದ್ದರೆ, ಅದು ಭ್ರಷ್ಟಾಚಾರಕ್ಕೂ ನಿಷ್ಠೆಯ ಕೊರತೆಗೂ ಆದದ್ದಲ್ಲ ಎಂದು ಚುನಾವಣಾ ಆಯೋಗದ ಪ್ರಮಾಣಪತ್ರವನ್ನು ನಾಮಪತ್ರದ ಜೊತೆಗೇ ಲಗತ್ತಿಸಬೇಕು. ಇದು ಪ್ರಜಾಪ್ರತಿನಿಧಿ ಕಾಯ್ದೆಯ 33ನೇ ಸೆಕ್ಷನ್‌ನ 3ನೇ ಉಪಖಂಡ. ಊಟದ ಗುಣಮಟ್ಟದ ಬಗ್ಗೆ ವಿಡಿಯೊ ಹಾಕಿ 2017ರಲ್ಲಿ ವಜಾ ಆದ ಗಡಿ ಭದ್ರತಾ ಪಡೆಯ ತೇಜ್ ಬಹದ್ದೂರ್ ಯಾದವ್ 2019ರಲ್ಲಿ ವಾರಾಣಸಿ ಲೋಕಸಭಾ ಕ್ಷೇತ್ರಕ್ಕೆ ನಾಮಪತ್ರ ಹಾಕಿದಾಗ ಎಡವಿದ್ದು ಇಲ್ಲೇ. ಪಕ್ಷೇತರರಾಗಿ ಸಲ್ಲಿಸಿದ ಪತ್ರದಲ್ಲಿ ವಜಾ ಆಗಿದ್ದೇನೆ ಎಂದೂ, ಸಮಾಜವಾದಿ ಪಕ್ಷದಿಂದ ಸಲ್ಲಿಸಿದ್ದರಲ್ಲಿ ಇಲ್ಲ ಎಂದೂ ಇತ್ತು. ಪ್ರಮಾಣಪತ್ರ ಇರಲಿಲ್ಲ. ನಾಮಪತ್ರ ಹೋಯಿತು. 2020ರ ನವೆಂಬರ್ 24ರಂದು ಸುಪ್ರೀಂ ಕೋರ್ಟ್ ಅವರ ಮೇಲ್ಮನವಿಯನ್ನೂ ವಜಾ ಮಾಡಿತು. ಗಡಿ ಭದ್ರತಾ ಪಡೆ ಸೇನೆಯಲ್ಲ, ಆದರೆ ಈ ಸೆಕ್ಷನ್ ಎಲ್ಲರಿಗೂ ಒಂದೇ.

ಉಳಿದದ್ದು ಎಲ್ಲ ಅಭ್ಯರ್ಥಿಗಳಿಗೂ ಇರುವಂಥದ್ದೇ: ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000, ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಪಾಲು ಬಾರದಿದ್ದರೆ ಅದು ಹೋಯಿತು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಮಂದಿ ಬೇಕು, ಹತ್ತೂ ಜನ ಅದೇ ಕ್ಷೇತ್ರದವರಾಗಿರಬೇಕು. ಬಿ ಫಾರಂ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ತಲುಪಬೇಕು. ಕರ್ನಾಟಕದಂಥ ದೊಡ್ಡ ರಾಜ್ಯದಲ್ಲಿ ಖರ್ಚಿನ ಮಿತಿ 40 ಲಕ್ಷ, ಫಲಿತಾಂಶದ 30 ದಿನದೊಳಗೆ ಲೆಕ್ಕ. ಸೋತ ಪಕ್ಷೇತರರು ಮರೆಯುವುದು ಈ ಕೊನೆಯದನ್ನು. ಲೆಕ್ಕ ಕೊಡದವನನ್ನು ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು.

ಪ್ರಚಾರದಲ್ಲಿ ಸೇನೆಯ ಚಿತ್ರ ಬಳಸಬಾರದು ಎಂದು ಚುನಾವಣಾ ಆಯೋಗ 2013ರ ಡಿಸೆಂಬರ್‌ನಲ್ಲಿ ಸೂಚಿಸಿತ್ತು. ಬಾಲಾಕೋಟ್ ದಾಳಿಯ ನಂತರ, 2019ರ ಮಾರ್ಚ್ 9ರಂದು, ಮತ್ತೊಮ್ಮೆ ನೆನಪಿಸಿತು. ತನ್ನದೇ ಸಮವಸ್ತ್ರದ ಹಳೇ ಫೋಟೊವನ್ನು ಪೋಸ್ಟರ್‌ಗೆ ಹಾಕಿದವನೂ ಎದುರಾಳಿಯ ಕೈಗೆ ಒಂದು ದೂರು ಕೊಟ್ಟಂತೆ. ಹೆಸರಿನ ಮೊದಲಿಗೆ ದರ್ಜೆ ಹಾಕಿಕೊಳ್ಳಬಹುದು, ಆದರೆ 'ನಿವೃತ್ತ' ಎಂಬುದು ಹೆಸರಿನ ಕೊನೆಗೆ ಬರಬೇಕು. ದರ್ಜೆ ನಿವೃತ್ತವಾಗುವುದಿಲ್ಲ, ವ್ಯಕ್ತಿ ನಿವೃತ್ತನಾಗುತ್ತಾನೆ ಎಂಬುದು ಸೇನೆಯ ತರ್ಕ. ಫ್ಲೆಕ್ಸ್ ಬರೆಯುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ರಜೆಯ ಲೆಕ್ಕ, ಬೂತಿನ ಲೆಕ್ಕ

ಕಾಗದಪತ್ರ ಸರಿಯಿದ್ದೂ ಸೋಲುವುದೇಕೆ? ಒಬ್ಬ ಸಿಪಾಯಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಒಂದು ದಿನವನ್ನೂ ಬಿಡದೆ ಊರಿಗೇ ಬಂದ ಎಂದುಕೊಂಡರೂ 17 ವರ್ಷದ ಸೇವೆಯಲ್ಲಿ 1,530 ದಿನ, ಅಂದರೆ ನಾಲ್ಕು ವರ್ಷಕ್ಕೆ ತುಸು ಮೇಲೆ. ಅದರಲ್ಲೂ ಗದ್ದೆ ನಾಟಿ, ತಂಗಿಯ ಮದುವೆ, ಮನೆ ಕಟ್ಟಿಸುವ ಓಡಾಟ. ಅದೇ 17 ವರ್ಷ ಅವನ ಎದುರಾಳಿ ಸೊಸೈಟಿಯ ಅಧ್ಯಕ್ಷನಾಗಿ, ತಾಲ್ಲೂಕು ಪಂಚಾಯಿತಿ ಸದಸ್ಯನಾಗಿ, ಸಾವಿನ ಮನೆಗಳಿಗೆಲ್ಲ ಮೊದಲು ಹೋಗಿ ಕೂತವನಾಗಿ ಕಳೆದಿರುತ್ತಾನೆ.

ಕರ್ನಾಟಕದ ಅಂಕಿಯನ್ನೇ ತೆಗೆದುಕೊಳ್ಳಿ. 2023ರ ಚುನಾವಣೆಯಲ್ಲಿ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. 224 ಕ್ಷೇತ್ರಗಳಿಗೆ ಹಂಚಿದರೆ ಕ್ಷೇತ್ರಕ್ಕೆ ಸುಮಾರು 260. ಪ್ರತಿ ಬೂತ್‌ಗೆ ಒಬ್ಬ ಏಜೆಂಟ್, ಅವನು ಊಟಕ್ಕೆ ಎದ್ದಾಗ ಕೂರಲು ಇನ್ನೊಬ್ಬ, ಹೊರಗೆ ಚೀಟಿ ಬರೆದುಕೊಡಲು ಇಬ್ಬರು: ಮತದಾನದ ದಿನಕ್ಕೇ ಸಾವಿರ ಜನ ಬೇಕು. ಏಜೆಂಟ್ ಆ ಊರಿನವನೇ ಆಗಿದ್ದರೆ ಮಾತ್ರ ಬಂದವರು ಯಾರು, ಬಾರದವರು ಯಾರು ಎಂದು ಗುರುತಿಸಿ ಮಧ್ಯಾಹ್ನ ಎರಡರ ಮೇಲೆ ಮನೆಗೆ ಆಟೊ ಕಳಿಸಬಲ್ಲ. ಮಾಜಿ ಸೈನಿಕರ ಸಂಘದಿಂದ ನೂರಿನ್ನೂರು ಜನ ಸಿಗಬಹುದು. ಅವರು ಶಿಸ್ತಿನವರು, ದುಡ್ಡು ಕೇಳದವರು. ಆದರೆ ಅವರು ಕ್ಯಾಂಟೀನ್, ಆಸ್ಪತ್ರೆ, ಮಕ್ಕಳ ಶಾಲೆ ಹತ್ತಿರವಿರುವ ಪಟ್ಟಣದಲ್ಲಿ ನೆಲೆಸಿರುತ್ತಾರೆ. ಹಳ್ಳಿಯ ಬೂತ್ ಬರಿದಾಗಿಯೇ ಉಳಿಯುತ್ತದೆ.

ಸೇವೆಯಲ್ಲಿರುವ ಸೈನಿಕರ ಮತವನ್ನು ನೆಚ್ಚುವವರಿಗೆ ಇನ್ನೊಂದು ನಿರಾಸೆ. 2022ರ ಉತ್ತರಾಖಂಡ ಚುನಾವಣೆಯಲ್ಲಿ ಸೇವಾ ಮತದಾರರು 90 ಸಾವಿರಕ್ಕೂ ಹೆಚ್ಚಿದ್ದರು, ಒಟ್ಟು ಮತದಾರರು ಸುಮಾರು 82 ಲಕ್ಷ. 70 ಕ್ಷೇತ್ರಕ್ಕೆ ಹಂಚಿದರೆ ತಲಾ ಸಾವಿರದ ಮುನ್ನೂರರ ಆಸುಪಾಸು. 2016ರಿಂದೀಚೆಗೆ ಮತಪತ್ರ ಎಲೆಕ್ಟ್ರಾನಿಕ್ ರೂಪದಲ್ಲಿ ಘಟಕಕ್ಕೆ ಹೋಗುತ್ತದೆ, ಆದರೆ ಮುದ್ರಿಸಿ, ಗುರುತು ಹಾಕಿ, ಘೋಷಣಾ ಪತ್ರಕ್ಕೆ ಸಹಿ ಮಾಡಿಸಿ ಅಂಚೆಯಲ್ಲೇ ವಾಪಸ್ ಬರಬೇಕು. ಎಣಿಕೆ ಶುರುವಾಗುವ ಹೊತ್ತಿಗೆ ತಲುಪದ್ದು ಲೆಕ್ಕಕ್ಕಿಲ್ಲ. ಹತ್ತಿರದ ಪೈಪೋಟಿಯಲ್ಲಿ ಇದು ಫಲಿತಾಂಶ ತಿರುಗಿಸಬಹುದು, ಅಲೆ ಎಬ್ಬಿಸಲಾರದು. ನಿಜವಾದ ತೂಕ ಇರುವುದು ಊರಲ್ಲೇ ಇರುವ ಅಪ್ಪ, ಅಮ್ಮ, ಹೆಂಡತಿಯ ಮತಕ್ಕೆ. ಅವರು ಮತ ಹಾಕುವುದು ನೀರು, ರಸ್ತೆ, ಜಾತಿ, ಗ್ಯಾಸಿನ ಬೆಲೆ ನೋಡಿ, ಉಳಿದವರ ಹಾಗೆಯೇ.

ಉಳಿದವರು ಹೇಗೆ ಉಳಿದರು

ಖಂಡೂರಿ ಅವರ ಕಥೆಯನ್ನು ಪೂರ್ತಿ ನೋಡಿದರೆ ಸಮವಸ್ತ್ರದ ಜೊತೆಗೆ ಏನೆಲ್ಲ ಇತ್ತು ಎಂಬುದು ಕಾಣುತ್ತದೆ. ಅವರ ಸೋದರಮಾವ ಹೇಮವತಿ ನಂದನ್ ಬಹುಗುಣ, ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದವರು. 1991ರಲ್ಲಿ ಗಢವಾಲ್‌ನಿಂದ ಸಂಸದರಾದ ಖಂಡೂರಿ 2007ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದಾಗ ಶಾಸಕರೇ ಆಗಿರಲಿಲ್ಲ. 164ನೇ ವಿಧಿ ಕೊಡುವ ಆರು ತಿಂಗಳೊಳಗೆ ಸ್ಥಾನ ಬೇಕಿತ್ತು. ಬಿಟ್ಟುಕೊಟ್ಟವರು ಧುಮಾಕೋಟ್‌ನ ಕಾಂಗ್ರೆಸ್ ಶಾಸಕ, ನಿವೃತ್ತ ಲೆಫ್ಟಿನೆಂಟ್ ಜನರಲ್ ತೇಜ್‌ಪಾಲ್ ಸಿಂಗ್ ರಾವತ್. ಖಂಡೂರಿ ಅಲ್ಲಿ ಗೆದ್ದರು. ಅವರು ಬಿಟ್ಟ ಲೋಕಸಭಾ ಸ್ಥಾನಕ್ಕೆ 2008ರ ಉಪಚುನಾವಣೆಯಲ್ಲಿ ರಾವತ್ ಬಿಜೆಪಿಯಿಂದ ಗೆದ್ದರು. ಇಬ್ಬರು ಜನರಲ್‌ಗಳ ಈ ಅದಲುಬದಲಿನಲ್ಲಿ ಸೈನ್ಯದ ಶಿಸ್ತಿಗಿಂತ ಅಪ್ಪಟ ರಾಜಕಾರಣ ಕಾಣುತ್ತದೆ, ಅದೂ ಚೊಕ್ಕಟವಾಗಿ ಮಾಡಿದ್ದು. 2009ರಲ್ಲಿ ರಾವತ್ ಆ ಸ್ಥಾನ ಕಳೆದುಕೊಂಡರು, ರಾಜ್ಯದ ಐದೂ ಲೋಕಸಭಾ ಸ್ಥಾನ ಬಿಜೆಪಿಯ ಕೈತಪ್ಪಿದವು, ಖಂಡೂರಿ ಇಳಿಯಬೇಕಾಯಿತು.

ಆ ಹೊತ್ತಿಗೆ ಶಾಸಕರ ದೂರು ಒಂದೇ: ಸಾಹೇಬರು ಸಿಗುವುದಿಲ್ಲ, ಒಬ್ಬಿಬ್ಬರು ಅಧಿಕಾರಿಗಳ ಮಾತು ಮಾತ್ರ ಕೇಳುತ್ತಾರೆ. ಕಮಾಂಡ್‌ನಲ್ಲಿ ಅದು ಗುಣ. ಆದೇಶ ಒಂದೇ ದಾರಿಯಲ್ಲಿ ಇಳಿಯಬೇಕು, ಕೆಳಗಿನವನು ಪ್ರಶ್ನೆ ಕೇಳಬಾರದು. ಆದರೆ ಶಾಸಕ ಕೆಳಗಿನವನಲ್ಲ. ಅವನಿಗೆ ಸ್ವಂತ ಮತದಾರರಿದ್ದಾರೆ, ಅವರ ವರ್ಗಾವಣೆ ಚೀಟಿಗಳು ಅವನ ಜೇಬಿನಲ್ಲಿವೆ. 2011ರ ಸೆಪ್ಟೆಂಬರ್‌ನಲ್ಲಿ ಖಂಡೂರಿ ಮರಳಿ ಬಂದು ತಂದ ಲೋಕಾಯುಕ್ತ ಮಸೂದೆಯನ್ನು ಅಣ್ಣಾ ಹಜಾರೆ ಬಳಗ ಹೊಗಳಿತು. ಸೇನೆಯಲ್ಲಿ ಚಾಲಕರಾಗಿದ್ದ ಹಜಾರೆಯವರ ಶಿಫಾರಸು ಮೇಜರ್ ಜನರಲ್‌ಗೆ ಚುನಾವಣೆಯ ಆಸ್ತಿಯಾದ ಆ ಕ್ಷಣ ಸೊಗಸಾಗಿತ್ತು. ಕೋಟ್‌ದ್ವಾರದಲ್ಲಿ ಅದು ನೆರವಾಗಲಿಲ್ಲ. ಗೆದ್ದ ಕಾಂಗ್ರೆಸ್ ಮುಖ್ಯಮಂತ್ರಿ ಮಾಡಿದ್ದು ವಿಜಯ ಬಹುಗುಣ ಅವರನ್ನು, ಖಂಡೂರಿಯ ಸೋದರಮಾವನ ಮಗನನ್ನು. 2022ರಲ್ಲಿ ಅದೇ ಕೋಟ್‌ದ್ವಾರದಲ್ಲಿ, ಅಪ್ಪನನ್ನು ಸೋಲಿಸಿದ್ದ ಸುರೇಂದ್ರ ಸಿಂಗ್ ನೇಗಿ ಅವರನ್ನೇ ಸೋಲಿಸಿ ಮಗಳು ಋತು ಖಂಡೂರಿ ಗೆದ್ದರು, ಆ ರಾಜ್ಯದ ಮೊದಲ ಮಹಿಳಾ ಸ್ಪೀಕರ್ ಆದರು. ಅವರು ಸೇನೆಯಲ್ಲಿದ್ದವರಲ್ಲ.

ಅದೇ 2022ರಲ್ಲಿ ಆಮ್ ಆದ್ಮಿ ಪಕ್ಷ ಕರ್ನಲ್ ಅಜಯ್ ಕೋಠಿಯಾಲ್ ಅವರನ್ನು ಮುಖ್ಯಮಂತ್ರಿ ಅಭ್ಯರ್ಥಿ ಎಂದು ಘೋಷಿಸಿತ್ತು. ಕೀರ್ತಿ ಚಕ್ರ ಪಡೆದವರು, 2013ರ ಪ್ರಳಯದ ನಂತರ ಕೇದಾರನಾಥದ ಮರುನಿರ್ಮಾಣದ ಹೊಣೆ ಹೊತ್ತವರು, ಹಳ್ಳಿಯ ಹುಡುಗರಿಗೆ ಸೇನೆಗೆ ಸೇರಲು ತರಬೇತಿ ಕೊಟ್ಟವರು. ಆ ಗುಡ್ಡಗಾಡಿನಲ್ಲಿ ಇದಕ್ಕಿಂತ ಒಳ್ಳೆಯ ಪರಿಚಯಪತ್ರ ಸಿಗಲಾರದು. ಗಂಗೋತ್ರಿಯಲ್ಲಿ ಅವರ ಠೇವಣಿ ಹೋಯಿತು. ಕೆಲವೇ ತಿಂಗಳಲ್ಲಿ ಅವರು ಬಿಜೆಪಿ ಸೇರಿದರು. ಪಕ್ಷಕ್ಕೆ ಬೂತ್ ಇಲ್ಲದ ಕಡೆ ವ್ಯಕ್ತಿಯ ಪದಕ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಇದು ಅಳತೆಗೋಲು. ಪಂಜಾಬಿನಲ್ಲಿ ಇನ್ನೂ ಕಠಿಣ ಉದಾಹರಣೆ ಇದೆ: ಭೂಸೇನೆಯ ಮುಖ್ಯಸ್ಥರಾಗಿ, ಅರುಣಾಚಲದ ರಾಜ್ಯಪಾಲರಾಗಿ ಬಂದ ಜನರಲ್ ಜೆ.ಜೆ. ಸಿಂಗ್ 2017ರಲ್ಲಿ ಅಕಾಲಿ ದಳದಿಂದ ಪಟಿಯಾಲಾದಲ್ಲಿ ಕ್ಯಾಪ್ಟನ್ ಅಮರಿಂದರ್ ಸಿಂಗ್ ಎದುರು ನಿಂತು ಠೇವಣಿ ಕಳೆದುಕೊಂಡರು.

ಜನರಲ್ ಎದುರು ಗೆದ್ದ ಆ ಕ್ಯಾಪ್ಟನ್‌ರ ಸೇನಾ ಸೇವೆ ಒಟ್ಟು ಮೂರು ವರ್ಷದ ಆಸುಪಾಸು. 1963ರಲ್ಲಿ ಸಿಖ್ ರೆಜಿಮೆಂಟ್ ಸೇರಿದರು, 1965ರ ಆರಂಭದಲ್ಲಿ ಬಿಟ್ಟರು, ಯುದ್ಧ ಶುರುವಾದಾಗ ಮರಳಿ ಹೋದರು. ಹೆಸರಿಗೆ ಅಂಟಿದ್ದು 'ಕ್ಯಾಪ್ಟನ್', ಮತ ತಂದದ್ದು ಪಟಿಯಾಲಾ ರಾಜಮನೆತನ, ಸ್ವರ್ಣಮಂದಿರದಲ್ಲಿ ಸೇನೆ ನಡೆಸಿದ ಬ್ಲೂಸ್ಟಾರ್ ಕಾರ್ಯಾಚರಣೆ ವಿರೋಧಿಸಿ 1984ರಲ್ಲಿ ಸಂಸದ ಸ್ಥಾನ ಬಿಟ್ಟದ್ದು, 2004ರ ನದಿ ನೀರು ಒಪ್ಪಂದ ರದ್ದತಿ ಕಾನೂನು. ಅವರೂ ಪಕ್ಷದ ಆಸರೆ ಇಲ್ಲದೆ ಸ್ವಂತ ಅಕಾಲಿ ಬಣ ಕಟ್ಟಿದ್ದಾಗ ಒಮ್ಮೆ ತಮ್ಮದೇ ಕ್ಷೇತ್ರದಲ್ಲಿ ಪಡೆದದ್ದು 856 ಮತ. 1998ರಲ್ಲಿ ಬಣವನ್ನು ಕಾಂಗ್ರೆಸ್‌ನಲ್ಲಿ ವಿಲೀನ ಮಾಡಿದರು, 2002ರಲ್ಲಿ ಮುಖ್ಯಮಂತ್ರಿಯಾದರು. 2022ರಲ್ಲಿ ಮತ್ತೆ ಸ್ವಂತ ಪಕ್ಷ ಕಟ್ಟಿ ಪಟಿಯಾಲಾದಲ್ಲೇ ಸೋತರು.

ತಾಳ್ಮೆಯಿಂದ ಮೇಲೆ ಬಂದವರ ಮಾದರಿ ಎಂದರೆ ತೆಲಂಗಾಣದ ಉತ್ತಮ್ ಕುಮಾರ್ ರೆಡ್ಡಿ. ವಾಯುಪಡೆಯಲ್ಲಿ ಮಿಗ್-21, ಮಿಗ್-23 ಹಾರಿಸಿದವರು. 1994ರಲ್ಲಿ ಕೋದಾಡದಲ್ಲಿ ಸೋತು ಅಲ್ಲೇ ಉಳಿದರು, 1999ರಲ್ಲಿ ಗೆದ್ದರು. ಆಮೇಲೆ ಹುಜೂರ್‌ನಗರ, ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಸ್ಥಾನ, 2023ರ ಡಿಸೆಂಬರ್‌ನಿಂದ ನೀರಾವರಿ ಮತ್ತು ನಾಗರಿಕ ಪೂರೈಕೆ ಸಚಿವ ಸ್ಥಾನ. ಅವರ ಭಾಷಣಗಳಲ್ಲಿ ವಿಮಾನಕ್ಕಿಂತ ಕೃಷ್ಣಾ ನೀರಿನ ಟಿಎಂಸಿ ಲೆಕ್ಕವೇ ಹೆಚ್ಚು.

ಇವರೆಲ್ಲರಿಗಿಂತ ಬೇರೆಯಾಗಿ ನಿಲ್ಲುವವರು ಮಿಜೋರಾಂನ ಬ್ರಿಗೇಡಿಯರ್ ತೆನ್‌ಫುಂಗಾ ಸೈಲೊ. ಬಂಡಾಯದ ಕಾಲದಲ್ಲಿ ಸೇನೆ ಅಲ್ಲಿನ ಹಳ್ಳಿಗಳನ್ನು ಎಬ್ಬಿಸಿ ರಸ್ತೆ ಬದಿಯ ಕೂಟಗ್ರಾಮಗಳಿಗೆ ಸಾಗಿಸಿತ್ತು. 1974ರಲ್ಲಿ ನಿವೃತ್ತರಾಗಿ ಊರಿಗೆ ಬಂದ ಸೈಲೊ ಮೊದಲು ಮಾಡಿದ್ದು ಮಾನವ ಹಕ್ಕುಗಳ ಸಮಿತಿ, ತಮ್ಮದೇ ಸೇನೆಯ ಅತಿರೇಕಗಳ ಬಗ್ಗೆ ದೂರು ಸಂಗ್ರಹಿಸಲು. ಮರುವರ್ಷ ಪೀಪಲ್ಸ್ ಕಾನ್ಫರೆನ್ಸ್ ಪಕ್ಷ. 1978ರಲ್ಲಿ ಕೆಲವು ತಿಂಗಳು, ಮತ್ತೆ 1979ರಿಂದ 1984ರವರೆಗೆ ಅವರು ಆಗಿನ ಕೇಂದ್ರಾಡಳಿತ ಪ್ರದೇಶದ ಮುಖ್ಯಮಂತ್ರಿ. ಸೇನೆಯ ಹೆಸರಲ್ಲಿ ಮತ ಕೇಳಿದವರಲ್ಲ, ಸೇನೆಗೆ ಅದರದೇ ಭಾಷೆಯಲ್ಲಿ ಪತ್ರ ಬರೆಯಬಲ್ಲವನು ಎಂಬ ಕಾರಣಕ್ಕೆ ಜನ ನಂಬಿದವರು.

ರಾಜ್ಯದ ಕೈಯಲ್ಲಿ ಏನಿದೆ?

ಮಾಜಿ ಸೈನಿಕ ಅಭ್ಯರ್ಥಿಯ ಸಭೆಯಲ್ಲಿ ಹಳೇ ಸುಬೇದಾರರು ಕೇಳುವ ಮೊದಲ ಪ್ರಶ್ನೆ ಸಮಾನ ಪಿಂಚಣಿ, ಅಂದರೆ ಒಂದೇ ದರ್ಜೆ, ಒಂದೇ ಸೇವಾವಧಿಗೆ ಒಂದೇ ಪಿಂಚಣಿ. ಎರಡನೆಯದು ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿ ಆಸ್ಪತ್ರೆಗಳ ಬಾಕಿ. ಮೂರನೆಯದು ಅಗ್ನಿಪಥ. ಮೂರೂ ಕೇಂದ್ರದ್ದು. ರಕ್ಷಣೆ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿದೆ. ಒಂದು ರೂಪಾಯಿ ಪಿಂಚಣಿ ಏರಿಸುವ ಅಧಿಕಾರವೂ ಶಾಸಕನಿಗಿಲ್ಲ. ಗೊತ್ತಿದ್ದೂ ಭರವಸೆ ಕೊಟ್ಟವನು ಐದು ವರ್ಷದ ನಂತರ ಅದೇ ಸುಬೇದಾರರ ಮುಂದೆ ನಿಲ್ಲಬೇಕು.

ರಾಜ್ಯದ ಕೈಯಲ್ಲಿರುವುದು ಸಣ್ಣದಾಗಿ ಕಂಡರೂ ದಿನನಿತ್ಯದ್ದು: ರಾಜ್ಯ ನೇಮಕಾತಿಯಲ್ಲಿ ಮೀಸಲು (ಕರ್ನಾಟಕದಲ್ಲಿ ಶೇ 10), ಭೂಮಂಜೂರಾತಿ ನಿಯಮಗಳಲ್ಲಿನ ಪಾಲು, ಶೌರ್ಯ ಪದಕಕ್ಕೆ ಕೊಡುವ ನಗದು, ಹುತಾತ್ಮರ ಕುಟುಂಬಕ್ಕೆ ಪರಿಹಾರ ಮತ್ತು ಕೆಲಸ, ಸೈನಿಕ ಕಲ್ಯಾಣ ಕಚೇರಿಗಳು. ಈ ಕಚೇರಿಗಳು ಪ್ರತಿ ಜಿಲ್ಲೆಗೂ ಇಲ್ಲ. ಒಂದೇ ಕಚೇರಿ ಎರಡು ಮೂರು ಜಿಲ್ಲೆ ನೋಡಿಕೊಳ್ಳುವುದುಂಟು. ವಿಧವೆಯೊಬ್ಬಳ ಗುರುತಿನ ಚೀಟಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಭೂಮಿಯ ವಿಷಯದಲ್ಲಂತೂ ಮಾಜಿ ಸೈನಿಕನ ಅರ್ಜಿ ತಹಸೀಲ್ದಾರ್ ಕಚೇರಿಯಲ್ಲಿ ಕೂರುವುದಕ್ಕೆ ಕಾರಣ ನಿಯಮ ಇಲ್ಲದ್ದಲ್ಲ, ಹಂಚಲು ಸರ್ಕಾರಿ ಜಮೀನು ಉಳಿಯದ್ದು, ಉಳಿದದ್ದರಲ್ಲಿ ಅರಣ್ಯ, ಗೋಮಾಳದ ತಕರಾರು ಇರುವುದು. ಇಲ್ಲಿ ಪ್ರಶ್ನೆ ಕೇಳಬಲ್ಲ ಶಾಸಕನಿಗೆ ಯುದ್ಧದ ಅನುಭವಕ್ಕಿಂತ ಕಂದಾಯ ಕಡತ ಓದುವ ಅಭ್ಯಾಸ ಬೇಕು.

ನಿವೃತ್ತ ಕರ್ನಲ್ ರಾಜ್ಯವರ್ಧನ್ ಸಿಂಗ್ ರಾಠೋಡ್ 2023ರಲ್ಲಿ ರಾಜಸ್ಥಾನದ ಝೋಟವಾಡಾದಿಂದ ಗೆದ್ದು ಸಚಿವರಾದಾಗ ಕೈಗಾರಿಕೆಯ ಜೊತೆ ಸೈನಿಕ ಕಲ್ಯಾಣವೂ ಬಂತು. ಉತ್ತರಾಖಂಡದಲ್ಲಿ ಆ ಖಾತೆ ಹೊತ್ತ ಗಣೇಶ್ ಜೋಶಿ ಅಧಿಕಾರಿಯಾಗಿದ್ದವರಲ್ಲ, ಗಢವಾಲ್ ರೈಫಲ್ಸ್‌ನಲ್ಲಿ ಸಿಪಾಯಿಯಾಗಿದ್ದವರು. ಇದು ಅಪರೂಪ. ಮಾಜಿ ಸೈನಿಕರಲ್ಲಿ ಬಹುಪಾಲು ಸಿಪಾಯಿ, ಹವಾಲ್ದಾರ್, ಸುಬೇದಾರ್‌ಗಳು. ವಿಧಾನಸಭೆಯ ಟಿಕೆಟ್ ಹೋಗುವುದು ಕರ್ನಲ್‌ಗೆ, ಕ್ಯಾಪ್ಟನ್‌ಗೆ. ಜೋಶಿಯವರ ಕಾಲದಲ್ಲಿ ಡೆಹ್ರಾಡೂನಿನ ಸೈನ್ಯ ಧಾಮ ಸ್ಮಾರಕಕ್ಕೆ ಹುತಾತ್ಮರ ಮನೆಯಂಗಳದ ಮಣ್ಣನ್ನು ಕಲಶಗಳಲ್ಲಿ ತರಿಸಲಾಯಿತು. ಮತದ ದೃಷ್ಟಿಯಿಂದ ಅದು ಚತುರ ಕೆಲಸ: ಮಣ್ಣು ಕೊಟ್ಟ ಪ್ರತಿ ಮನೆಯನ್ನೂ ಸರ್ಕಾರ ಒಮ್ಮೆ ಹುಡುಕಿಕೊಂಡು ಹೋದಂತಾಯಿತು.

ನಮ್ಮ ಕಡೆ

ಕಾರ್ಯಪ್ಪ, ತಿಮ್ಮಯ್ಯ ಅವರನ್ನು ಕೊಟ್ಟ ಕೊಡಗಿನಲ್ಲಿ ವಿಧಾನಸಭೆಗೆ ಸೈನಿಕರು ಸಾಲುಗಟ್ಟಿ ಬಂದಿಲ್ಲ. ಈಗಿರುವುದು ಎರಡೇ ಸ್ಥಾನ, ಮಡಿಕೇರಿ ಮತ್ತು ವಿರಾಜಪೇಟೆ. 2008ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಹೋಯಿತು. 2023ರಲ್ಲಿ ಗೆದ್ದ ಇಬ್ಬರಲ್ಲಿ ಒಬ್ಬರು ವಕೀಲರು, ಒಬ್ಬರು ವೈದ್ಯರು. ಕೊಡವರು ಜಿಲ್ಲೆಯಲ್ಲಿ ಬಹುಸಂಖ್ಯಾತರಲ್ಲ, ತೋಟದ ಕಾರ್ಮಿಕರ, ಒಕ್ಕಲಿಗರ, ಮುಸ್ಲಿಮರ ಮತವಿಲ್ಲದೆ ಯಾರೂ ಗೆಲ್ಲುವಂತಿಲ್ಲ. ರೆಜಿಮೆಂಟಿನ ನೆನಪು ಐನ್‌ಮನೆಯ ಗೋಡೆಯ ಮೇಲೆ ಗೌರವದಿಂದ ಇರುತ್ತದೆ, ಮತಯಂತ್ರದವರೆಗೆ ಬರುವುದಿಲ್ಲ. ಸ್ವತಃ ಕಾರ್ಯಪ್ಪನವರೇ 1971ರ ಲೋಕಸಭಾ ಚುನಾವಣೆಗೆ ನಿಂತದ್ದು ಮುಂಬಯಿಯಿಂದ, ಸೋತದ್ದೂ ಅಲ್ಲೇ.

ಕರ್ನಾಟಕದಲ್ಲಿ ಮಾಜಿ ಸೈನಿಕರಿಗೆ ಹೆಚ್ಚು ಒಗ್ಗಿದ್ದು ಮೇಲ್ಮನೆಯ ದಾರಿ. ಕ್ಯಾಪ್ಟನ್ ಗಣೇಶ್ ಕಾರ್ಣಿಕ್ ನೈರುತ್ಯ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಬಂದರು, 2018ರಲ್ಲಿ ಸೋತರು. ಶಿಕ್ಷಕರ ಕ್ಷೇತ್ರದ ಮತದಾರರು ಸಾವಿರಗಳ ಲೆಕ್ಕದಲ್ಲಿ, ಪ್ರತಿಯೊಬ್ಬರ ಹೆಸರು, ಶಾಲೆ ಪಟ್ಟಿಯಲ್ಲಿದೆ. ವೇತನ, ಪಿಂಚಣಿ, ಬಡ್ತಿಯಂಥ ನಿರ್ದಿಷ್ಟ ಬೇಡಿಕೆಗಳಿವೆ. ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕಂಡು ಬರುವ ಕೆಲಸಕ್ಕೆ ಸೈನಿಕನ ಕ್ರಮಬದ್ಧತೆ ಸರಿಹೊಂದುತ್ತದೆ. ಅಭ್ಯರ್ಥಿ ಶಿಕ್ಷಕನೇ ಆಗಿರಬೇಕೆಂಬ ನಿಯಮವೂ ಇಲ್ಲ, ವಯಸ್ಸು 30 ಆಗಿದ್ದರೆ ಸಾಕು. ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಪಕ್ಷೇತರರಾಗಿ ಸೋತರು, ಕ್ಯಾಪ್ಟನ್ ಬ್ರಿಜೇಶ್ ಚೌಟ 2024ರಲ್ಲಿ ದಕ್ಷಿಣ ಕನ್ನಡದಲ್ಲಿ ಗೆದ್ದರು. ಎರಡೂ ಲೋಕಸಭೆಯ ಮಾತು, ಒಬ್ಬರಿಗೆ ಪಕ್ಷದ ಸಂಘಟನೆ ಇರಲಿಲ್ಲ, ಇನ್ನೊಬ್ಬರಿಗೆ ಇತ್ತು ಎಂಬಷ್ಟು ಸಾಕು.

ಇನ್ನು ಅಗ್ನಿಪಥದಡಿ ಸೇರಿದ ಅಗ್ನಿವೀರರು. 2022ರಲ್ಲಿ ಯೋಜನೆ ಬಂದಾಗ ಸೇರುವ ವಯಸ್ಸು 17 ವರ್ಷ 6 ತಿಂಗಳಿಂದ 21 ಎಂದಿತ್ತು. ಮೊದಲ ವರ್ಷ ಮಾತ್ರ 23ರವರೆಗೆ ಸಡಿಲಿಸಿದ್ದರು. ನಾಲ್ಕು ವರ್ಷದ ನಂತರ ಶೇ 25ರವರೆಗೆ ಮಾತ್ರ ಸೇನೆಯಲ್ಲಿ ಉಳಿಯುತ್ತಾರೆ. ಉಳಿದವರ ಕೈಗೆ ಸೇವಾ ನಿಧಿಯಾಗಿ ಸುಮಾರು 11.71 ಲಕ್ಷ, ಪಿಂಚಣಿ ಇಲ್ಲ. ಹರಿಯಾಣ 2024ರಲ್ಲಿ ಪೊಲೀಸ್, ಅರಣ್ಯ ರಕ್ಷಕ, ಜೈಲು ವಾರ್ಡರ್ ಹುದ್ದೆಗಳಲ್ಲಿ ಶೇ 10 ಮೀಸಲು ಘೋಷಿಸಿತು. ಇವರನ್ನು ಅಭ್ಯರ್ಥಿ ಮಾಡುವ ಮಾತು ಈಗ ಕೇಳಿಬಂದರೂ 173ನೇ ವಿಧಿ ಅಡ್ಡ ನಿಲ್ಲುತ್ತದೆ: ವಿಧಾನಸಭೆಗೆ ಕನಿಷ್ಠ 25 ವರ್ಷ. ಹದಿನೆಂಟಕ್ಕೆ ಸೇರಿದವನು ಹೊರಬಂದಾಗ 22. ಅವನು ಮತ ಹಾಕಬಹುದು, ಬೂತ್ ಏಜೆಂಟ್ ಆಗಬಹುದು, ನಿಲ್ಲಲಾರ. ಗ್ರಾಮ ಪಂಚಾಯಿತಿಗಾದರೆ 21 ಸಾಕು. ಹಾಗಾಗಿ ಈ ತಂಡದ ರಾಜಕೀಯ ಕಾಣಿಸಿಕೊಳ್ಳುವುದಾದರೆ ಮೊದಲು ಪಂಚಾಯಿತಿಗಳಲ್ಲಿ, ತಮ್ಮ ಊರಿನ ವಾರ್ಡಿನಲ್ಲಿ. ಅಲ್ಲಿ 260 ಬೂತ್ ಬೇಕಿಲ್ಲ, ಒಂದೇ ಸಾಕು. ನಾಲ್ಕೇ ವರ್ಷ ಹೊರಗಿದ್ದವನಿಗೆ ಆ ಒಂದು ಬೂತಿನ ಮನೆಗಳೆಲ್ಲ ಇನ್ನೂ ಗುರುತಿರುತ್ತವೆ. ನಮೂನೆ 6 ಮಾತ್ರ ಅವನೂ ತುಂಬಬೇಕು.